ಹಲಗೆಯ ಎಡಮಗ್ಗುಲು

ಸಿಂದಗಿಯ ಚೆಸ್ ಪಂದ್ಯಾವಳಿಯಲ್ಲಿ ಮೊದಲ ಸುತ್ತಿಗೇ ನನ್ನ ಎದುರು ಬಂದವನು ನನ್ನ ಸ್ವಂತ ಕಾಕಾ. ಬಾಗೇವಾಡಿಯಿಂದ ಒಂದೇ ಬಸ್ಸಿನಲ್ಲಿ ಬಂದಿದ್ದೆವು. ನನಗೆ ಚೆಸ್ ಕಲಿಸಿದವನೂ ಅವನೇ. ಬಿಳಿ ಕಾಯಿ ಸಿಕ್ಕರೆ ಅವನ ಆರಂಭ ಒಂದೇ: ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಬಲಗಡೆಯ ಕುದುರೆ, ಮೂರನೆಯದಾಗಿ ಬಲಗಡೆಯ ಒಂಟೆ ಓರೆಯಾಗಿ ಹಲಗೆಯ ಎಡಮಗ್ಗುಲಿಗೆ. ಅಂದೂ ಹಾಗೆಯೇ ಆಡಿದ.

ನಾಲ್ಕನೆಯ ನಡೆಯಿಂದ ಆಟ ಬೇರೆಯಾಯಿತು. ಬಲತುದಿಯ ಕಾಲಾಳುಗಳನ್ನೇ ಒಂದೊಂದಾಗಿ ಮುಂದೆ ತಳ್ಳತೊಡಗಿದ. ನನ್ನ ಕುದುರೆ ಅವನ ಎಡಗಡೆಯಿಂದ ನುಗ್ಗಿ ಒಂದು ಕಾಲಾಳು ಹೊಡೆಯಿತು. ಪಕ್ಕದಲ್ಲೇ ಇದ್ದ ಮಂತ್ರಿಯಿಂದ ಅದನ್ನು ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಅದೇ ಮಗ್ಗುಲಿನ ಮೂಲೆಯ ಆನೆಯನ್ನೂ ತೆಗೆದೆ. ಅವನು ಅತ್ತ ನೋಡಲೇ ಇಲ್ಲ.

ನನ್ನ ಹಿಂದೆ ನಿಂತಿದ್ದವರೊಬ್ಬರು ಪಿಸುಗುಟ್ಟಿದರು: “ಅಣ್ಣನ ಮಗಳಿಗೆ ಆಯೇರ ಮಾಡಾಕತ್ತಾನ ನೋಡ್ರಿ.”

“ಯಾರ ಗೆದ್ರೂ ಪಾಯಿಂಟು ಒಂದ ಮನಿಗಿ ಹೋಗೂದು, ಬಿಡ್ರಿ,” ಎಂದರು ಇನ್ನೊಬ್ಬರು.

ಅವನು ಬೇಕೆಂದೇ ಸೋಲುತ್ತಿದ್ದಾನೆ ಎಂದು ನನಗೂ ಅನಿಸಿ ಸಿಟ್ಟು ಬಂತು. ನಡೆ ಆಡಿದ ಮೇಲೂ ಅವನು ಗಡಿಯಾರದ ಗುಂಡಿ ಒತ್ತಿರಲಿಲ್ಲ. ಅವನ ಸಮಯ ಓಡುತ್ತಲೇ ಇತ್ತು.

“ಕಾಕಾ, ಗಡಿಯಾರ ಒತ್ತು.”

“ಎಲ್ಲೈತಿ? ಯಾರ ತಗೊಂಡು ಹೋದ್ರು?”

ಗಡಿಯಾರ ಅವನ ಎಡಮೊಣಕೈಗೆ ತಾಗಿಕೊಂಡೇ ಇತ್ತು. ಮುಖ ನೋಡಿದೆ. ಬಾಯಿಯ ಎಡತುದಿ ಜೋತುಬಿದ್ದಿತ್ತು.

ಆಟ ಅಲ್ಲಿಗೇ ಬಿಟ್ಟು ಅವನನ್ನು ಗಾಡಿ ಹತ್ತಿಸಿದೆವು. ವಿಜಯಪುರ ತಲುಪುವವರೆಗೂ ಅವನು, “ನಿಂದ ನಡಿ ಐತಿ, ಆಡು,” ಎನ್ನುತ್ತಲೇ ಇದ್ದ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ, ಅದಕ್ಕೇ ಎಡಗಡೆ ಇರುವುದು ಅವನ ಲಕ್ಷ್ಯಕ್ಕೇ ಬರುತ್ತಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. “ಯಾವಾಗ ಸುರುವಾತು, ಖರೇ ಹೇಳವ್ವಾ. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಟ್ರ ಉಳಿಯಬಹುದು. ಹೊತ್ತು ಮೀರಿ ಕೊಟ್ರ ಮಿದುಳಿನ್ಯಾಗ ರಕ್ತ ಸೋರಿ, ಅದರಿಂದನ ಜೀವ ಹೋಗಬಹುದು.”

ನಾನು ಆಟವನ್ನು ಮೊದಲಿನಿಂದ ಮನಸ್ಸಿನಲ್ಲೇ ಆಡಿದೆ. ಒಂಟೆಯನ್ನು ಎಡಕ್ಕೆ ಇಟ್ಟಾಗ ಅವನಿಗೆ ಎಡಗಡೆ ಕಾಣುತ್ತಿತ್ತು. ಆಮೇಲೆ ಅವನ ಕೈ ಅತ್ತ ಹೋಗಲೇ ಇಲ್ಲ.

“ಮೂರನೇ ನಡಿ ತನಕ ಬರೋಬ್ಬರಿ ಇದ್ದರ್ರಿ. ಆಟ ಹತ್ತಕ್ಕ ಸುರುವಾಗಿತ್ತು,” ಎಂದೆ. ಆ ಮಾತನ್ನು ನಂಬಿ ಇಂಜೆಕ್ಷನ್ ಚುಚ್ಚಿದರು.

ಕಾಕಾ ಉಳಿದ. ಎಡಗೈ ಈಗ ಬಟ್ಟಲು ಹಿಡಿಯುವಷ್ಟು ಸುಧಾರಿಸಿದೆ. ನಾನು ಮಾತ್ರ ಆ ಮೂರು ನಡೆಗಳಲ್ಲೇ ಸಿಕ್ಕಿಕೊಂಡಿದ್ದೇನೆ. ಒಂಟೆಯನ್ನು ಇಟ್ಟ ಮೇಲೂ ಅವನ ಬೆರಳು ಅದರ ತಲೆಯ ಮೇಲೆ ತುಸು ಹೆಚ್ಚು ಹೊತ್ತು ನಿಂತಿತ್ತು; ಆಟಕ್ಕೂ ಮೊದಲೇ ಶುರುವಾಗಿತ್ತೇನೋ. ಅದನ್ನು ನಾನು ಡಾಕ್ಟರಿಗೆ ಹೇಳಿರಲಿಲ್ಲ.