ಶ್ರಾವಣದ ಕಮಟು ಜಿಡ್ಡು

ನನ್ನ ತಮ್ಮ ಮರುಳಪ್ಪ ಚನ್ನಗಿರಿಯಿಂದ ದಿನಾ ಬಸ್ಸು ಹತ್ತಿ ದಾವಣಗೆರೆಯ ಒಂದು ಲ್ಯಾಬಿಗೆ ಹೋಗುತ್ತಿದ್ದ. ಅಟೆಂಡರ್ ಕೆಲಸ. ಗಾಜಿನ ಸಾಮಾನು ತೊಳೆಯುವುದು, ಮೊಟ್ಟೆ ಒಡೆದು ಅದರ ಹಳದಿಯಿಂದ ಜಿಡ್ಡು ತೆಗೆದುಕೊಡುವುದು. ಕೊರಳಲ್ಲಿ ಲಿಂಗ ಕಟ್ಟಿದವನಿಗೆ ಮೊಟ್ಟೆಯ ಕೆಲಸ! ಅವ್ವನಿಗೆ ಗೊತ್ತಿರಲಿಲ್ಲ, ನನಗೆ ಮಾತ್ರ ಹೇಳಿದ್ದ.

ಆ ಜಿಡ್ಡು ಬೇಕಾಗಿದ್ದು ಜಗಳೂರು ಕಡೆಯ ಓಬವ್ವನಿಗೆ. ಆ ಲ್ಯಾಬಿನಲ್ಲೇ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಅವಳು ಹೇಳಿದ್ದನ್ನೇ ತಮ್ಮ ನನಗೆ ಹೇಳುತ್ತಿದ್ದ. ಜೀವಕಣದ ಸುತ್ತ ಜಿಡ್ಡಿನ ತೆಳು ಪೊರೆ ಇರುತ್ತದಂತೆ. ಅದರಲ್ಲಿ ಕೂರುವ ಪ್ರೋಟೀನು ಉದ್ದನೆಯ ದಾರದ ಹಾಗೆ. ಸರಿಯಾಗಿ ಮಡಚಿಕೊಂಡರಷ್ಟೇ ಕೆಲಸಕ್ಕೆ ಬರುತ್ತದೆ. ಉಪ್ಪುನೀರಿನ ಕ್ರಿಮಿಯಿಂದ ಅವಳು ನೇರಳೆ ಬಣ್ಣದ ಪ್ರೋಟೀನು ತೆಗೆದು, ಮಡಿಕೆ ಬಿಚ್ಚಿ, ಮತ್ತೆ ಜಿಡ್ಡಿನೊಳಗೆ ಬಿಡುತ್ತಿದ್ದಳು. ಮಡಿಕೆ ಸರಿ ಕೂತರೆ ನೇರಳೆ ಮರಳುತ್ತಿತ್ತು. ಕೂರದಿದ್ದರೆ ಬರೀ ಹಳದಿ ನೀರು.

ಎಂಬತ್ತನಾಲ್ಕರ ಶ್ರಾವಣ ಬಂತು. ಬೇರೆ ದಿನಗಳಲ್ಲಿ ಸ್ನಾನ ಮಾಡಿ ಸಮಾಧಾನಪಟ್ಟುಕೊಳ್ಳುತ್ತಿದ್ದವನು, "ಈ ತಿಂಗಳು ಮೊಟ್ಟೆ ಮುಟ್ಟಿದ ಕೈಲಿ ಲಿಂಗ ಹೆಂಗೆ ಹಿಡೀಲಿ ಅಕ್ಕ?" ಅಂದ. ಲ್ಯಾಬಿನಲ್ಲಿ ಹೇಳಿದ್ದರೆ ಬೇರೆಯವರನ್ನು ಹಚ್ಚುತ್ತಿದ್ದರು. ನಗುತ್ತಾರೆಂದು ಹೇಳಲಿಲ್ಲ. ಬೇಸಿಗೆಯಲ್ಲಿ ತೆಗೆದಿಟ್ಟ ಜಿಡ್ಡು ಬಾಟಲಿಯಲ್ಲಿ ಉಳಿದಿತ್ತು, ಅದನ್ನೇ ಹೊಸದೆಂದು ಕೊಟ್ಟ. ಹಳೇ ಎಣ್ಣೆಯಂತೆ ಕಮಟು ವಾಸನೆ ಬರುತ್ತಿತ್ತಂತೆ. ಜಿಡ್ಡು ಜಿಡ್ಡೇ ಅಲ್ಲವೇ ಅಂದುಕೊಂಡ.

ಬಣ್ಣ ಬರಲೇ ಇಲ್ಲ. ಓಬವ್ವ ಮತ್ತೆ ಮತ್ತೆ ಮಾಡಿದಳು. ಮೊದಲು ಬಂದಿದ್ದು ಆಕಸ್ಮಿಕ ಇರಬೇಕು, ಗೌರಿ ಹಬ್ಬದೊಳಗೆ ಬರದಿದ್ದರೆ ಈ ವಿಷಯ ಬಿಡು ಎಂದರು ಅವಳ ಮೇಷ್ಟ್ರು.

"ನನ್ನ ಕೈಯೇ ಸರಿ ಇಲ್ಲ ಅಣ್ಣ. ಊರಿಗೆ ಹೋಗಿ ಕುರಿ ಕಾಯ್ತೀನಿ," ಎಂದು ತಮ್ಮನ ಮುಂದೆ ಅತ್ತಳಂತೆ.

"ಹಂಗನ್ನಬ್ಯಾಡವ್ವ," ಎಂದು ಇವನು ಟ್ಯೂಬು ತೊಳೆಯುತ್ತಲೇ ಇದ್ದ.

ಭಾನುವಾರ ನನ್ನ ಮುಂದೆ ಎಲ್ಲ ಬಿಚ್ಚಿದ.

"ಹೇಳ್ಬಿಡೋ."

"ಕೆಲಸ ಹೋದ್ರೆ?"

"ಆ ಹುಡುಗೀದು ಹೋಗ್ತಾ ಐತಲ್ಲೋ!"

ಮಾರನೇ ದಿನ ಹೋಗಿ ಓಬವ್ವನಿಗೆ ಹೇಳಿದ.

"ನಾನು ಅಳ್ತಿದ್ದಾಗ ನೀವು ಅಲ್ಲೇ ಇದ್ರಲ್ಲ ಅಣ್ಣ?" ಅಂದಳು. ಆಮೇಲೆ, "ಹೋಗಿ ಮೊಟ್ಟೆ ತರ್ರಿ."

ಶ್ರಾವಣದಲ್ಲೇ, ತನ್ನ ಕೈಯಿಂದಲೇ ಒಡೆದ. ಒಂದು ಟ್ಯೂಬಿಗೆ ಹೊಸ ಜಿಡ್ಡು, ಇನ್ನೊಂದಕ್ಕೆ ಹಳೆಯದು. ಹೊಸದರಲ್ಲಿ ನೇರಳೆ ಬಂತು, ಹಳೆಯದು ಹಳದಿಯಾಗೇ ಉಳಿಯಿತು. ಜಿಡ್ಡು ಕೆಟ್ಟರೆ ಮಡಿಕೆ ಕೂರುವುದಿಲ್ಲ ಎಂದು ಕಣ್ಣಿಗೇ ಕಂಡಿತು. ವಿಷಯ ಬಿಡಬೇಕಿಲ್ಲ ಎಂದರು ಮೇಷ್ಟ್ರು. ಹಾಗೇ ಸಿಟ್ಟಿನಿಂದ ಕೇಳಿದರು: "ಹಳೇ ಜಿಡ್ಡು ಬಳಸಿದ್ದು ಯಾರು?"

"ನಾನೇ ಸರ್. ನೋಡ್ಕೊಳ್ಳಲಿಲ್ಲ," ಅಂದಳು ಓಬವ್ವ. ಎಲ್ಲರೆದುರು ಬೈಸಿಕೊಂಡಳು.

"ನಾ ಅಲ್ಲೇ ನಿಂತಿದ್ದೆ ಅಕ್ಕ. ಬಾಯಿ ಬರಲಿಲ್ಲ," ಎಂದ ತಮ್ಮ ಅವತ್ತು ಮನೆಗೆ ಬಂದು. ತಟ್ಟೆಯ ರೊಟ್ಟಿ ಮುಟ್ಟಿರಲಿಲ್ಲ.

"ನಾಳೆ ಹೋಗಿ ಮೇಷ್ಟ್ರಿಗೆ ಹೇಳು," ಅಂದೆ. ಗೋಡೆ ಕಡೆ ತಿರುಗಿ ಕೂತ. ಮೇಷ್ಟ್ರಿಗೆ ಕೊನೆಗೂ ಹೇಳಲಿಲ್ಲ. ಓಬವ್ವ ಆಮೇಲೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳಂತೆ. ಕರೆದಾಗಲೆಲ್ಲ ಇವನು ನೆಲ ನೋಡಿಕೊಂಡೇ ಹೋಗುತ್ತಿದ್ದನಂತೆ.