ವಾಸನೆ ತಿಳಿಯದ ಅತಿಥಿ ತಂದ ಶಾರ್ಡನೆ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷ ನಾನು ಪುಣೆಯ ಖರಾಡಿಯಲ್ಲಿ ಒಂದು ಹೋಟೆಲಿನ ಸೊಮೆಲಿಯೆ ಆಗಿದ್ದೆ. ವೈನ್ ಆರಿಸುವುದು, ಕಾಪಾಡುವುದು, ಅತಿಥಿಗೆ ಅದರ ಗುಣ ತಿಳಿಸಿ ಬಡಿಸುವುದು ಸೊಮೆಲಿಯೆಯ ಕೆಲಸ. ನಾನು ಮೈಸೂರಿನವಳು, ಕೆಲಸದ ವೇಳೆ ಕನ್ನಡ ಆಡುವ ಸಂದರ್ಭ ಅಲ್ಲಿ ಅಪರೂಪ.

ಒಂದು ಭಾನುವಾರ ಮಧ್ಯಾಹ್ನ ಬಸವರಾಜ ಪಾಟೀಲರು ಒಬ್ಬರೇ ಬಂದರು. ವಿಜಯಪುರದ ಕಡೆಯವರು, ಗೆಳೆಯ ವಿನಾಯಕರ ಜೊತೆ ಪುಣೆಯ ಪಕ್ಕದ ಭೋಸರಿಯಲ್ಲಿ ಫೌಂಡ್ರಿ ನಡೆಸಿ ನಿವೃತ್ತರಾದವರು. ಮೊದಲೇ ಅನುಮತಿ ಪಡೆದು ತಮ್ಮದೇ ಬಾಟಲಿ ತಂದಿದ್ದರು. ಅದು ಫ್ರಾನ್ಸಿನ ಶಾರ್ಡನೆ, ಅಂದರೆ ಆ ಹೆಸರಿನ ದ್ರಾಕ್ಷಿಯಿಂದ ಮಾಡಿದ ಬಿಳಿ ವೈನ್. ಓಕ್ ಮರದ ಪೀಪಾಯಿಯಲ್ಲಿ ಪಳಗಿದ್ದು, ಹತ್ತು ವರ್ಷ ದಾಟಿದ್ದು. ಬಿಳಿ ವೈನ್‌ಗಳಲ್ಲಿ ಹೆಚ್ಚಿನವು ಅಷ್ಟು ಕಾಲ ಬಾಳುವುದಿಲ್ಲ. ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ.

"ಫ್ರಿಜ್‌ನ್ಯಾಗ, ಕೆಳಗಿನ ಖಾನೆದಾಗ. ಆದ್ರ ಮೊದಲ ಒಂದ್ ಮಾತ್ ಹೇಳ್ತೀನ್ರಿ ಮೇಡಂ. ಕೋವಿಡ್ ಬಂದ್ ಹೋದಮ್ಯಾಲೆ ನನಗ ವಾಸನಿ ತಿಳಿಯೂದಿಲ್ಲ."

ಹಾಗಿದ್ದರೆ ಈ ಬಾಟಲಿ ತೆರೆಯುವುದೇಕೆ ಎಂಬ ಪ್ರಶ್ನೆ ನನ್ನ ಮುಖದಲ್ಲಿ ಕಂಡಿರಬೇಕು. ಅವರೇ ವಿವರಿಸಿದರು. ಇದನ್ನು ಗೆಳೆಯರಿಬ್ಬರೂ ಪ್ರವಾಸದಲ್ಲಿ ಕೊಂಡು, ಫೌಂಡ್ರಿ ಬಿಟ್ಟ ಮೇಲೆ ಕೂಡಿ ಕುಡಿಯಬೇಕೆಂದು ಇಟ್ಟಿದ್ದರು. ಈಗ ವಿನಾಯಕರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ; ಮದ್ಯ ಮುಟ್ಟಕೂಡದೆಂದು ಡಾಕ್ಟರರ ಆಜ್ಞೆ. ನೀನು ಕುಡಿದು ಹೇಗಿದೆ ಹೇಳು ಎಂದು ವಿನಾಯಕರೇ ಹಟ ಹಿಡಿದಿದ್ದರು.

"ನನ್ನ ಮೂಗಿನ ಸುದ್ದಿ ಅವಗ ಹೇಳಿಲ್ಲ. ನೀವು ಕುಡದು ಹೇಳ್ರಿ, ನಾ ಬಾಯಿಪಾಠ ಮಾಡಿ ಹೇಳ್ತೀನಿ. ಖರೇನ ಹೇಳ್ರಿ ಮತ್ತ. ಕೆಟ್ಟಿದ್ರ ಕೆಟ್ಟದ ಅನ್ರಿ."

ಕಾರ್ಕ್ ಹಳತಾಗಿ ಅರ್ಧಕ್ಕೇ ಮುರಿಯಿತು. ಉಳಿದರ್ಧವನ್ನು ನಿಧಾನವಾಗಿ ಎತ್ತಿದೆ. ಲೋಟದಲ್ಲಿ ಬಣ್ಣ ಹಳೆಯ ಚಿನ್ನದ್ದು. ಮೊದಲು ಮೂಸಿದಾಗ ಗೀರಿದ ಬೆಂಕಿಕಡ್ಡಿಯ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು.

ಅತಿ ತಣ್ಣಗಿದ್ದಾಗ ಇಂಥ ವೈನ್ ಪರಿಮಳ ಬಿಡದೆ ಮುಚ್ಚಿಕೊಂಡಿರುತ್ತದೆ. ಗಾಳಿ ತಾಕಲು ಬಿಟ್ಟು ಕಾದೆವು. ಊಟದ ಮೊದಲ ತಟ್ಟೆ ಮುಗಿಯುವ ಹೊತ್ತಿಗೆ ಲೋಟ ಬೇರೆಯೇ ಆಗಿತ್ತು: ಒಲೆಯ ಮೇಲೆ ಕಾಯುತ್ತಿರುವ ಬೆಣ್ಣೆ, ಹುರಿದ ಗೋಡಂಬಿ, ಜೇನು, ಒಣಗಿದ ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣು. ವೈನ್ ಕೆಟ್ಟಿರಲಿಲ್ಲ. ನಾನು ಹೇಳಿದ್ದನ್ನು ಪಾಟೀಲರು ತುಟಿಯಲ್ಲೇ ಮತ್ತೆ ಮತ್ತೆ ಹೇಳಿಕೊಂಡು ಫೋನ್ ಹಚ್ಚಿದರು. ಸ್ಪೀಕರ್ ಹಾಕಿ ನನ್ನನ್ನೂ ನಿಲ್ಲಲು ಹೇಳಿದರು.

ಮಾತು ಮರಾಠಿಯಲ್ಲಿ ನಡೆಯಿತು. ಬೆಣ್ಣೆ, ಗೋಡಂಬಿ ಎಂದು ಇವರು ಶುರು ಮಾಡುತ್ತಿದ್ದಂತೆ ಆ ಕಡೆಯ ತೊದಲು ದನಿ ತಡೆಯಿತು: "ಇದು ನಿನ್ನ ಮಾತಲ್ಲ. ಯಾರು ಹೇಳಿಕೊಟ್ಟರು?"

ಪಾಟೀಲರು ಟೇಬಲ್ ಬಟ್ಟೆಯ ಮಡಿಕೆ ಸರಿಪಡಿಸುತ್ತ ಕೂತರು. ಆಮೇಲೆ ಮೂಗಿನ ವಿಷಯ, ನಾನು ಹೇಳಿಕೊಟ್ಟದ್ದು ಎರಡನ್ನೂ ಹೇಳಿದರು.

"ನಾಲಿಗೆ ಇದೆಯಲ್ಲ," ಎಂದರು ವಿನಾಯಕ. "ಅದಕ್ಕೆ ಏನನ್ನಿಸಿತು, ಅಷ್ಟು ಹೇಳು."

ಪಾಟೀಲರು ಒಂದು ಗುಟುಕು ಬಾಯಲ್ಲಿ ಹಿಡಿದು ಕೂತರು. "ದಪ್ಪಗಿದೆ, ಕೆನೆಯ ಹಾಗೆ. ಆಮೇಲೆ ದವಡೆಯ ಎರಡೂ ಕಡೆ ಹುಳಿ. ನುಂಗಿದರೂ ಹೋಗುವುದಿಲ್ಲ. ಕೊನೆಗೆ ಸ್ವಲ್ಪ ಒಗರು."

ಓಕ್ ಪೀಪಾಯಿ ವೈನಿಗೆ ಕೊಡುವ ಒಗರು ಅದು. ಹುಳಿ ಉಳಿದಿದೆ ಎಂದರೆ ವೈನಿಗೆ ಇನ್ನೂ ಆಯುಷ್ಯವಿದೆ ಎಂದರ್ಥ. ಪರಿಮಳದ ವಿವರದಲ್ಲಿ ಮುಳುಗಿ ಇವೆರಡನ್ನೂ ನಾನು ಹೇಳಿಯೇ ಇರಲಿಲ್ಲ.

"ಉಳಿದದ್ದು ತಗೊಂಡು ಬಾ," ಎಂದರು ವಿನಾಯಕ. "ಮೂಸಬೇಡ ಎಂದು ಡಾಕ್ಟರ್ ಹೇಳಿಲ್ಲ."

ಬಾಟಲಿಗೆ ಹೊಸ ಬಿರಡೆ ಹಾಕಿ, ಅಗಲ ಹೊಟ್ಟೆಯ ಒಂದು ಲೋಟವನ್ನೂ ಜೊತೆಗೆ ಕಟ್ಟಿಕೊಟ್ಟೆ. ಮುಂದಿನ ವಾರ ಪಾಟೀಲರು ಲೋಟ ಹಿಂದಿರುಗಿಸಲು ಬಂದಾಗ ಗೆಳೆಯರು ಏನೆಂದರು ಎಂದು ವಿಚಾರಿಸಿದೆ.

"ಭಾಳ ಹೊತ್ತು ಮೂಸ್ಕೋತ ಕೂತಿದ್ದ ನೋಡ್ರಿ. ನಿನ್ನ ಮೇಡಮ್ಮಗ ಬೆಣ್ಣಿ ಅನಸ್ತದ, ನನಗಂತೂ ತುಪ್ಪನ ಅಂದ. ನಾ ಗುಟುಕ ಹಾಕ್ತಿದ್ದೆ, ಅವ ವಾಸನಿ ಹೇಳ್ತಿದ್ದ. ಹಂಗ ಬಾಟಲಿ ಮುಗಸಿದ್ವಿ."

ಆ ಕೆಲಸ ಬಿಡುವ ತನಕ ನಾನು ಒಂದು ಕ್ರಮ ಪಾಲಿಸಿದೆ. ಲೋಟ ತುಂಬಿದ ಮೇಲೆ ನನಗೆ ತಿಳಿದದ್ದನ್ನು ಹೇಳುವ ಮೊದಲು ಅತಿಥಿಯನ್ನು ಕೇಳುತ್ತಿದ್ದೆ: ನಿಮಗೇನು ಸಿಕ್ಕಿತು? ಅವರು ಉತ್ತರ ಹುಡುಕುವಷ್ಟು ಹೊತ್ತು ಸುಮ್ಮನೆ ನಿಲ್ಲುವುದನ್ನು ಕಲಿಯಲು ನನಗೆ ಸಾಕಷ್ಟು ಕಾಲ ಹಿಡಿಯಿತು.