ಅಕ್ಕ ಕಂಡ ಪ್ಯಾರಮೀಸಿಯಂ

ನಾನು ಚಿಕ್ಕವಳಿದ್ದಾಗ ನಾವು ಸಿಂದಗಿಯಲ್ಲಿದ್ದೆವು. ಅಪ್ಪ ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಅಕ್ಕ ಅದೇ ಶಾಲೆಯಲ್ಲಿ ಎಂಟನೆಯ ತರಗತಿ, ನಾನು ಐದನೆಯದು.

ಅಕ್ಕನ ಕೈಕೆಲಸ ನೋಡಿದವರು ಬೆರಗಾಗುತ್ತಿದ್ದರು. ಹೊದೆಯುವ ಕೌದಿಗೆ ಅವಳು ಹಾಕುತ್ತಿದ್ದ ಹೊಲಿಗೆ ಇರುವೆಯ ಸಾಲಿನಂತೆ ಇರುತ್ತಿತ್ತು. ಆದರೆ ಶಾಲೆಯ ಬೋರ್ಡಿನಿಂದ ಲೆಕ್ಕ ಬರೆದುಕೊಂಡರೆ ಎಂಟು ಮೂರಾಗಿರುತ್ತಿತ್ತು, ಆರು ಸೊನ್ನೆಯಾಗಿರುತ್ತಿತ್ತು. ಹುಡುಗಿಗೆ ಲಕ್ಷ್ಯವಿಲ್ಲ ಎಂದು ಮಾಸ್ತರರು ಹೇಳಿ ಹೇಳಿ ಬೇಸತ್ತಿದ್ದರು. ಅಪ್ಪ ಬೈಯುತ್ತಿದ್ದ. ಕೊನೆಗೆ ಒಂದು ದಿನ ಅವ್ವ, “ಈ ಪರೀಕ್ಷಾ ಮುಗೀಲಿ, ಸಾಲಿ ಬಿಡಿಸಿಬಿಡೂಣು. ತಲಿಗೆ ಹತ್ತಲಾರದ್ದು ಯಾಕ ತುಂಬೂದು?” ಎಂದಳು. ಅಪ್ಪ ಇಲ್ಲ ಅನ್ನಲಿಲ್ಲ. ಅಕ್ಕ ತಲೆ ಬಗ್ಗಿಸಿ ಕೌದಿ ಹಿಡಿದು ಕುಳಿತೇ ಇದ್ದಳು. ಅವಳ ಸೂಜಿ ಮಾತ್ರ ಒಂದೇ ಕಡೆ ನಿಂತುಬಿಟ್ಟಿತ್ತು.

ಆ ವಾರ ಶಾಲೆಗೆ ಪುಣೆಯಿಂದ ಒಂದು ಪಾರ್ಸೆಲ್ ಬಂತು. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡುವ ಗಾಜಿನ ಸ್ಲೈಡುಗಳು. ಮಕ್ಕಳಿಗೆ ತೋರಿಸುವ ಮೊದಲು ತಾನೊಮ್ಮೆ ಎಲ್ಲವನ್ನೂ ನೋಡಬೇಕೆಂದು ಅಪ್ಪ ಭಾನುವಾರ ಬೆಳಿಗ್ಗೆ ಶಾಲೆಗೆ ಹೊರಟ. ನಾವಿಬ್ಬರೂ ಬೆನ್ನು ಹತ್ತಿದೆವು. ಚಳಿಗಾಲ. ದಾರಿಯುದ್ದಕ್ಕೂ ಹಸಿ ಕಡಲೆಗಿಡದ ಸುಲಗಾಯಿ ಬಿಡಿಸಿ ತಿಂದು ನಮ್ಮ ಬೆರಳೆಲ್ಲ ಹುಳಿಯಾಗಿದ್ದವು. ಶಾಲೆಯಲ್ಲಿ ಅಪ್ಪ ಮೊದಲು ನಮ್ಮ ಕೈ ತೊಳೆಸಿದ.

ಚಿಕ್ಕ ಕಟ್ಟಿಗೆಯ ಪೆಟ್ಟಿಗೆ. ಮುಚ್ಚಳ ತೆಗೆದಾಗ ರಾಳದಂಥ ವಾಸನೆ. ಒಳಗೆ ಗಾಜಿನ ಪಟ್ಟಿಗಳು ಒಂದೊಂದು ಸಂದಿನಲ್ಲಿ ಒಂದೊಂದು ನಿಂತಿದ್ದವು. ಪ್ರತಿ ಗಾಜಿನ ನಡುವೆ ತೆಳುವಾದ ಗುಲಾಬಿ ಕಲೆ, ಬದಿಗೆ ಹೆಸರಿನ ಚೀಟಿ: ಅಮೀಬಾ, ಯೂಗ್ಲೀನಾ, ಪ್ಯಾರಮೀಸಿಯಂ. ಕೆರೆಯ ನೀರಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಗೆ ಬಣ್ಣ ಹಚ್ಚಿ ಗಾಜಿನ ನಡುವೆ ಕೂರಿಸಿದ್ದಾರೆ ಎಂದು ಅಪ್ಪ ಹೇಳಿದ.

ಅಪ್ಪ ಮೇಜನ್ನು ಕಿಟಕಿಯ ಹತ್ತಿರ ಎಳೆದು, ಸೂಕ್ಷ್ಮದರ್ಶಕದ ಕೆಳಗಿನ ಕನ್ನಡಿಯನ್ನು ಆಕಾಶದ ಬೆಳಕಿಗೆ ತಿರುಗಿಸಿದ. ಪ್ಯಾರಮೀಸಿಯಂ ಇಟ್ಟು, ತಿರುಪು ತಿರುವಿ, ನನ್ನನ್ನು ಕರೆದ. ಬೆಳಗುವ ಒಂದು ದುಂಡು ಅಂಗಳ. ಅದರಲ್ಲಿ ಯಾರೋ ಬಿಟ್ಟುಹೋದ ಚಪ್ಪಲಿಗಳಂತೆ ಗುಲಾಬಿ ಆಕಾರಗಳು ಬಿದ್ದಿದ್ದವು.

ಆಮೇಲೆ ಅಕ್ಕ ಬಗ್ಗಿದಳು. “ಮಂಜ ಮಂಜ ಐತಿ,” ಎಂದಳು. ಅಪ್ಪ ನಿಟ್ಟುಸಿರು ಬಿಟ್ಟು, “ತಿರುಪು ಸಾವಕಾಶ ತಿರುವು,” ಎಂದ. ಅಕ್ಕ ತಿರುವಿದಳು. ಆಮೇಲೆ ಅವಳ ಮಾತು ನಿಲ್ಲಲೇ ಇಲ್ಲ.

“ಅಂಚಿಗೆಲ್ಲಾ ಸಣ್ಣ ಕೂದಲ ಅದಾವ, ಅಪ್ಪಾ. ನಡುವ ಅಲಸಂದಿ ಕಾಳಿನಂಥದ್ದು ಐತಿ, ಕೆಂಪಗ. ಅದರ ಮಗ್ಗಲಾಗ ಇನ್ನೊಂದು ಚುಕ್ಕಿ ಕುಂತೈತಿ.”

ಅಪ್ಪ ಬೆರಗಾಗಿ ಅವಳನ್ನು ಸರಿಸಿ ತಾನು ನೋಡಿದ. ಅವನಿಗೆ ಬರೀ ಮಸುಕು. ತಿರುಪು ಸರಿಮಾಡಿಕೊಂಡ. ಅಕ್ಕ ಹೇಳಿದ್ದೆಲ್ಲ ಅಲ್ಲಿತ್ತು. ಮತ್ತೆ ಅಕ್ಕನಿಗೆ ಬಿಟ್ಟರೆ ಅವಳಿಗೆ ಮಸುಕು. ಅವಳು ಸರಿಮಾಡಿದರೆ ಅಪ್ಪನಿಗೆ ಮಸುಕು. ಸ್ಲೈಡು ಬದಲಿಸಿದರೂ ಹಾಗೇ. ಅಪ್ಪ ಸೂಕ್ಷ್ಮದರ್ಶಕ ಬಿಟ್ಟು ಅಕ್ಕನ ಮುಖವನ್ನೇ ನೋಡತೊಡಗಿದ.

“ಆ ಗ್ವಾಡಿ ಮ್ಯಾಲಿನ ಗಡಿಯಾರದಾಗ ಎಷ್ಟಾಗ್ಯಾವ?”

“ಗಡಿಯಾರ ಐತೇನು ಅಲ್ಲಿ?” ಎಂದಳು ಅಕ್ಕ.

ನಾನು ನಡುವೆ ಬಾಯಿ ಹಾಕಿದೆ. “ಅಪ್ಪಾ, ಅಕ್ಕ ಬಸ್ ಸ್ಟ್ಯಾಂಡಿನಾಗೂ ಹಿಂಗ. ಗುಲಬರ್ಗಾ ಬಸ್ ಯಾವುದು, ಬಿಜಾಪುರ ಬಸ್ ಯಾವುದು ಅಂತ ನನ್ನ ಕೇಳ್ತಾಳ.”

“ಇಷ್ಟ ದಿನ ಯಾಕ ಹೇಳಲಿಲ್ಲವಾ ನೀನು?” ಅಪ್ಪ ಅಕ್ಕನನ್ನು ಕೇಳಿದ, ದನಿ ಇಳಿದಿತ್ತು.

“ಎಲ್ಲಾರಿಗೂ ಹಿಂಗ ಕಾಣತೈತಿ ಅಂತ ತಿಳಕೊಂಡಿದ್ದೆ,” ಎಂದಳು ಅಕ್ಕ. “ಉಳದವರು ಶಾಣ್ಯಾರು, ಅದಕ್ಕ ಓದತಾರ ಅಂತ.”

ಅಪ್ಪ ಅಕ್ಕನ ತಲೆಯ ಮೇಲೆ ಕೈ ಇಟ್ಟ. “ನಿನ್ನ ತಲಿ ಭೇಷ್ ಐತಿ. ಕಣ್ಣಿಗಿ ದೂರದ್ದು ಕಾಣಂಗಿಲ್ಲ, ಅದಕ್ಕ ನಿನಗ ತಿರುಪು ಬ್ಯಾರೆ ಹತ್ತತೈತಿ, ಅಷ್ಟ. ನಿನ್ನ ಬೈದದ್ದು ನನ್ನ ತಪ್ಪು,” ಎಂದ. ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಆಗ ಅತ್ತಳು.

ಮನೆಗೆ ಬಂದು ಅಪ್ಪ ಅವ್ವನಿಗೆ ಎಲ್ಲ ಹೇಳಿದ. ಶಾಲೆ ಬಿಡಿಸುವ ಮಾತು ಮತ್ತೆ ಎಂದೂ ಬರಲಿಲ್ಲ.

ಕೆಲವು ದಿನಗಳಲ್ಲಿ ಅಪ್ಪ ಅಕ್ಕನನ್ನು ಬಿಜಾಪುರಕ್ಕೆ ಕರೆದೊಯ್ದು ಕನ್ನಡಕ ಕೊಡಿಸಿದ. ದಪ್ಪ ಗಾಜಿನ, ಕಪ್ಪು ಅಂಚಿನ ಕನ್ನಡಕ. ಅದನ್ನು ಹಾಕಿಕೊಂಡು ಸಂಜೆ ಮನೆಗೆ ಬಂದವಳು ಅಂಗಳದಲ್ಲೇ ನಿಂತುಬಿಟ್ಟಳು. ಅವ್ವ ಅಡುಗೆಮನೆಯ ಬಾಗಿಲಲ್ಲಿದ್ದಳು. “ಅವ್ವಾ, ನೀ ನಗಾಕತ್ತಿ,” ಎಂದಳು ಅಕ್ಕ. “ಇಲ್ಲಿಂದನ ಕಾಣತೈತಿ.”

ಮುಂದೆ ಅಕ್ಕ ಜೀವಶಾಸ್ತ್ರವನ್ನೇ ಓದಿ, ಮುದ್ದೇಬಿಹಾಳದಲ್ಲಿ ಬಹಳ ವರ್ಷ ಕಲಿಸಿದಳು.

ಮಕ್ಕಳೇ, ನಿಮ್ಮ ತರಗತಿಯ ಗೋಡೆಯ ಪರದೆಯ ಮೇಲೆ ಪ್ಯಾರಮೀಸಿಯಂ ಜೀವಂತವಾಗಿ ಈಜುತ್ತದೆ. ನಮ್ಮದು ಗಾಜಿನ ನಡುವೆ ಅಲುಗಾಡದೆ ಮಲಗಿರುತ್ತಿತ್ತು, ನಾವು ಸರದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆವು. ನಿಮ್ಮ ಕಣ್ಣು ಪರೀಕ್ಷಿಸಲು ಡಾಕ್ಟರು ಶಾಲೆಗೇ ಬರುತ್ತಾರೆ. ಅವರು ಕೊಟ್ಟ ಕನ್ನಡಕ ಹಾಕಿಕೊಳ್ಳಿ ಎಂದು ಮನೆಯವರೆಲ್ಲ ನಿಮ್ಮ ಹಿಂದೆ ಓಡಾಡುತ್ತೇವೆ. ಅಕ್ಕ ತನ್ನದನ್ನು ಹಾಕಿಕೊಂಡೇ ಮಲಗುತ್ತಿದ್ದಳು. ಅವಳಿಗೆ ನಿದ್ದೆ ಹತ್ತಿದ ಮೇಲೆ ಅವ್ವ ಮೆಲ್ಲಗೆ ತೆಗೆದಿಡಬೇಕಾಗುತ್ತಿತ್ತು.